ಗರಡಿಯವರ ಹೆಸರು ಹೇಳಿದ ದಫೇದಾರರು

ನಮ್ಮ ಎದುರು ಮನೆಯ ದಫೇದಾರರು ನಿವೃತ್ತರಾದ ಮೇಲೆ ಯಾರ ಮನೆಯ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಬಾಗಿಲು ಮುಚ್ಚಿದ್ದರೆ ಬೀದಿಯಲ್ಲೇ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಒಳಗಿನವರಿಗೆ ಕೇಳಿಸದಿದ್ದರೆ ಇನ್ನೊಂದು ಸಲ ಕೆಮ್ಮುತ್ತಿದ್ದರು. ಅದೂ ಕೇಳಿಸದಿದ್ದರೆ ಜಗಲಿಯ ಮೇಲೆ ಕುಳಿತು, ಮನೆಯವರು ಯಾವುದಾದರೂ ಕೆಲಸಕ್ಕೆ ಹೊರಗೆ ಬರುವವರೆಗೆ ಕಾಯುತ್ತಿದ್ದರು. ನನ್ನ ಹೆಂಡತಿಗೆ ಆ ಕೆಮ್ಮು ಚೆನ್ನಾಗಿ ಗೊತ್ತಾಗಿಹೋಗಿತ್ತು. "ರೀ, ದಫೇದಾರ್ರು ಕೆಮ್ಮಿದ್ರು, ಹೋಗಿ ಬಾಗ್ಲು ತೆಗೀರಿ. ನಾನು ಕಾಫಿಗೆ ನೀರಿಡ್ತೀನಿ" ಎನ್ನುತ್ತಿದ್ದಳು.

ಒಂದು ದಿನ ಮಳೆಯಲ್ಲಿ ನೆನೆಯುತ್ತಾ ಹಾಗೆ ನಿಂತಿದ್ದವರನ್ನು ಕಂಡು ನಾನು ರೇಗಿದೆ. "ಕೈಯಿಲ್ವೇನ್ರೀ ನಿಮಗೆ? ಬಾಗಿಲು ತಟ್ಟೋದಕ್ಕೆ ಏನು ದಾಡಿ?" ಎಂದೆ. ಅವರು ಪಂಚೆಯ ಅಂಚು ಹಿಂಡುತ್ತಾ, "ಇಪ್ಪತ್ತು ವರ್ಷ ತಟ್ಟಿದ್ದೀನಿ ಮೇಷ್ಟ್ರೇ, ಸಾಕು" ಎಂದರು. ಆಮೇಲೆ ಒರಗಿ ಕುಳಿತು ಹೇಳಿದರು. "ನಾವು ತಟ್ಟಿದ್ರೆ ಮೊದ್ಲು ಮಗು ಅಳೋದು. ಆಮೇಲೆ ಆ ಹೆಂಗಸು ಬುಡ್ಡಿ ಹಚ್ಚೋಳು. ಗಂಡ ಆಮೇಲೆ ಬರೋನು. ಎಲ್ಲಾ ಮನೇಲೂ ಇದೇ. ಒಂದು ಮನೇಲಾದ್ರೂ ಗಂಡ್ಸು ಮೊದ್ಲು ಬಂದಿದ್ದು ನಾನು ಕಾಣೆ."

ಅವರು ಪೊಲೀಸ್ ಇಲಾಖೆಯಲ್ಲಿ ದಫೇದಾರರಾಗಿದ್ದವರು. ನಾನು ಚಿಕ್ಕಬಳ್ಳಾಪುರದವನು. ಐವತ್ತರ ದಶಕದ ನಡುವಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿ, ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಈ ಊರಿಗೆ ವರ್ಗವಾಗಿ ಬಂದು ಅವರ ಎದುರು ಮನೆಯನ್ನು ಬಾಡಿಗೆಗೆ ಹಿಡಿದೆ. ಆಗ ಅವರಿನ್ನೂ ಕೆಲಸದಲ್ಲಿದ್ದರು. ಊರ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಎದುರಿಗೇ ಇದ್ದಾರೆ. ಗಂಡನ ಹೆಸರು ಅಚ್ಚಾಗುವುದು ಆಕೆಗೆ ಇಷ್ಟವಾಗಲಾರದು.

ನಾನು ಬಂದು ಮೂರು ಸಂಜೆ ಕಳೆಯುವುದರೊಳಗೆ ನನ್ನ ವಂಶಾವಳಿಯನ್ನೆಲ್ಲ ಅವರು ನನಗೇ ಒಪ್ಪಿಸಿದ್ದರು. "ಚಿಕ್ಕಬಳ್ಳಾಪುರದಲ್ಲಿ ಯಾವ ಬೀದಿ? ಹಂಗಾದ್ರೆ ಬೆಲ್ಲದ ಮಂಡಿ ಇಟ್ಟಿದ್ದೋರು ನಿಮಗೆ ಏನಾಗಬೇಕು? ದೊಡ್ಡಪ್ಪನಾ? ಅವರ ಕಿರೀ ಮಗಳನ್ನ ಗೌರಿಬಿದನೂರಿಗೆ ಕೊಟ್ಟವ್ರಲ್ವಾ?" ಆ ಸಂಬಂಧ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮನಿಗೆ ಕಾಗದ ಬರೆದು ಕೇಳಿದರೆ ಹೌದೆಂದು ಉತ್ತರ ಬಂತು.

ಮನುಷ್ಯರನ್ನು ಗುರುತು ಹಿಡಿಯುವುದು ಅವರಿಗೆ ಒಂದು ಚಟ. ಸಂಜೆ ಬಸ್ ಸ್ಟ್ಯಾಂಡಿನ ಅರಳಿಕಟ್ಟೆಯ ಮೇಲೆ ಕುಳಿತರೆ ಇಳಿದವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದರು. "ಏನಪ್ಪಾ, ನೀನು ಸಾದಲಿ ಪಟೇಲರ ಮೊಮ್ಮಗ ಅಲ್ವಾ? ನಡಿಗೆ ನೋಡಿದ್ರೇ ಗೊತ್ತಾಗತ್ತೆ, ನಿಮ್ಮ ತಾತನೂ ಹಂಗೇ ಎಡಗಾಲು ಬೀಸೋನು." ಆ ಹುಡುಗ ಹೌದೆಂದರೆ ದಫೇದಾರರು ಮೀಸೆಯ ಬಲಭಾಗವನ್ನು ಮಾತ್ರ ಒಮ್ಮೆ ನೇವರಿಸಿಕೊಳ್ಳುತ್ತಿದ್ದರು. ಎಡಭಾಗವನ್ನು ಮುಟ್ಟುತ್ತಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಕಥೆ ಹೇಳುತ್ತಿದ್ದರು, ಕಾಫಿ ಆರಿಹೋಗುತ್ತಿತ್ತು.

ಠಾಣೆಯಲ್ಲಿ ಒಂದು ಪುಸ್ತಕವಿತ್ತು. ಕಳ್ಳತನ, ದರೋಡೆ ಮಾಡಿದವರು ಮಾತ್ರವಲ್ಲ, ಮಾಡಬಹುದೆಂದು ಅನುಮಾನವಿರುವವರ ಹೆಸರೂ ಅದರಲ್ಲಿ ಇರುತ್ತಿತ್ತು. ಊರವರು ಅದನ್ನು ಕೇಡಿ ಪುಸ್ತಕ ಎನ್ನುತ್ತಿದ್ದರು. ಅದರಲ್ಲಿ ಹೆಸರಿದ್ದವರು ಸಂತೆಯ ದಿನ ಠಾಣೆಗೆ ಬಂದು ಹಾಜರಿ ಹಾಕಬೇಕು, ಊರು ಬಿಡುವಾಗ ಹೇಳಿ ಹೋಗಬೇಕು. ಮಂತ್ರಿಗಳು ಬಂದರೆ, ದೊಡ್ಡ ಮೆರವಣಿಗೆ ಇದ್ದರೆ, ಅಂದೆಲ್ಲ ಠಾಣೆಯ ಹೊಂಗೆ ಮರದ ಕೆಳಗೆ ಕುಳಿತಿರಬೇಕು. ಅವರು ಮನೆಯಲ್ಲಿ ಇದ್ದಾರೋ ಇಲ್ಲವೋ ಎಂದು ನೋಡಿ ಬರುವುದೇ ದಫೇದಾರರು ಇಪ್ಪತ್ತು ವರ್ಷ ಮಾಡಿದ ಕೆಲಸ.

ಈ ಪುಸ್ತಕದ ವಿಷಯವಾಗಿ ನಮ್ಮಿಬ್ಬರಿಗೂ ಜಗಲಿಯ ಮೇಲೆ ಎಷ್ಟೋ ಸಲ ವಾದವಾಗಿದೆ. ನಾನು ಆಗ ಬಿಸಿರಕ್ತದ ಮೇಷ್ಟ್ರು. ಸಂವಿಧಾನ ಬಂದ ಮೇಲೂ ಇದೇನು ಬ್ರಿಟಿಷರ ಕಾಲದ ಪದ್ಧತಿ, ಅನುಮಾನಕ್ಕೆಲ್ಲ ಶಿಕ್ಷೆಯೇ ಎಂದು ಭಾಷಣ ಮಾಡುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಮುಗೀತಾ?" ಎಂದು ಕೇಳಿ ಶುರುಮಾಡುತ್ತಿದ್ದರು. "ಪುಸ್ತಕ ಬೇಕು ಮೇಷ್ಟ್ರೇ. ಊರಲ್ಲಿ ಕಳ್ಳತನ ಆಯ್ತು ಅನ್ಕಳ್ಳಿ. ಪುಸ್ತಕ ಇದ್ರೆ ನಾಲ್ಕು ಮನೆಗೆ ಹೋಗ್ತೀವಿ. ಇಲ್ದಿದ್ರೆ ಬಡವರ ಕೇರಿ ಪೂರ್ತಿ ನುಗ್ತೀವಿ. ಯಾವುದು ವಾಸಿ, ನೀವೇ ಹೇಳಿ." ನಿಜ ಹೇಳಬೇಕೆಂದರೆ ಇದಕ್ಕೆ ಉತ್ತರ ನನಗೆ ಇಂದಿಗೂ ಪೂರ್ತಿ ಹೊಳೆದಿಲ್ಲ.

ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಗೌರಿಬಿದನೂರಿನಲ್ಲಿದ್ದಾಗ ಒಬ್ಬ ವಿಧವೆಯ ಮನೆಗೆ ಕನ್ನ ಬಿದ್ದು ಒಡವೆಗಳೆಲ್ಲ ಹೋಗಿದ್ದವಂತೆ. ಗೋಡೆ ಕೊರೆದ ರೀತಿ ನೋಡಿದ ಕೂಡಲೇ ದಫೇದಾರರು ಪುಸ್ತಕ ತೆಗೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು. ಆ ಮನುಷ್ಯನ ಹಿತ್ತಿಲಿನಲ್ಲಿ ಒಡವೆ ಇನ್ನೂ ಗಂಟಿನಲ್ಲೇ ಇತ್ತು. "ಆ ಯಮ್ಮ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಲು. ಅವತ್ತು ಆ ಪುಸ್ತಕಕ್ಕೆ ಕೈ ಮುಗಿದೆ ನಾನು" ಎನ್ನುತ್ತಿದ್ದರು. ಆ ಮುಖ ನೋಡಿದರೆ ವಾದ ಮಾಡುವುದಕ್ಕೆ ಮನಸ್ಸು ಬರುತ್ತಿರಲಿಲ್ಲ.

ಆ ಪುಸ್ತಕದ ಮೇಲಿನ ಅವರ ನಂಬಿಕೆ ಕೆಟ್ಟದ್ದು ನಮ್ಮೂರ ಗರಡಿಯಿಂದ. ಅದನ್ನು ಹೇಳದೆ ಅವರನ್ನು ಕುರಿತು ಬರೆದರೆ ಅರ್ಧ ಮನುಷ್ಯನನ್ನು ಬರೆದಂತೆ.

ಕೆರೆಯ ಕೆಳಗಿನ ಬೀದಿಯಲ್ಲಿ ಒಂದು ಹಳೆಯ ಗರಡಿಮನೆ ಇತ್ತು. ರೇಷ್ಮೆ ಬಿಚ್ಚುವ ಕಸುಬಿನ ಒಬ್ಬ ಮುದುಕರು ಅಲ್ಲಿ ಉಸ್ತಾದರು. ಒಕ್ಕಲಿಗರ ಹುಡುಗರು, ಹೊಲಗೇರಿಯ ಹುಡುಗರು, ಸಾಬರ ಹುಡುಗರು, ಎಲ್ಲರೂ ಅದೇ ಮಟ್ಟಿಯ ಕೆಂಪು ಮಣ್ಣಿನಲ್ಲಿ ಬಿದ್ದು ಏಳುತ್ತಿದ್ದರು. ಊರಿನಲ್ಲಿ ಬೇರೆಲ್ಲೂ ಅವರು ಒಬ್ಬರನ್ನೊಬ್ಬರು ಮುಟ್ಟುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ದಫೇದಾರರೂ ಹುಡುಗತನದಲ್ಲಿ ಅಲ್ಲೇ ಸಾಮು ಮಾಡಿದವರು. ಭಾನುವಾರ ಬೆಳಗ್ಗೆ ಹೋಗಿ ಮೂಲೆಯಲ್ಲಿ ಕುಳಿತು, "ಏ, ಸೊಂಟ ತಗ್ಗಿಸೋ, ಸೊಂಟ! ರಾರಾ, ಮೈ ಕೊಟ್ಟು ಹಿಡಿಯೋ!" ಎಂದು ಕೂಗದಿದ್ದರೆ ಅವರಿಗೆ ವಾರ ಕಳೆಯುತ್ತಿರಲಿಲ್ಲ. ಊರ ಕುಸ್ತಿಗಳಿಗೆಲ್ಲ ಅವರೇ ತೀರ್ಪುಗಾರರು. ಅವರ ತೀರ್ಪಿಗೆ ಸೋತವನೂ ತಲೆಬಾಗುತ್ತಿದ್ದ.

ಆ ಗರಡಿಯಲ್ಲಿ ಒಂದು ಪದ್ಧತಿ. ಹೊಸ ಹುಡುಗ ಮೊದಲ ಸಲ ಜೋಡಿ ಕುಸ್ತಿಗೆ ಇಳಿಯುವ ಮುಂಚೆ ಉಸ್ತಾದರು ಅವನನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ಬಲತೋಳಿಗೆ ಕಪ್ಪು ದಾರದಲ್ಲಿ ತಾಯಿತ ಕಟ್ಟಿಸಿಕೊಂಡು ಬರುತ್ತಿದ್ದರು. ಇವನು ನಮ್ಮವನು ಎಂದು ಅದಕ್ಕೆ ಅರ್ಥ. ಮುನೇಶ್ವರನ ಒಕ್ಕಲಿನವನೂ ಅದನ್ನು ಕಟ್ಟಿಸಿಕೊಳ್ಳುತ್ತಿದ್ದ, ಯಾರ ಮನೆಯವರೂ ಬೇಡವೆನ್ನುತ್ತಿರಲಿಲ್ಲ. ನಮ್ಮ ಕಡೆ ಜ್ವರ ಬಂದ ಮಕ್ಕಳಿಗೂ ಬೆಚ್ಚಿಬಿದ್ದ ಹೆಂಗಸರಿಗೂ ಅಲ್ಲಿಂದಲೇ ದಾರ ಬರುತ್ತಿತ್ತು.

ನಾನು ಈ ಊರಿಗೆ ಬಂದು ಎರಡು ಮೂರು ವರ್ಷವಾಗಿತ್ತು. ಜಂಗಮಕೋಟೆಯ ರಸ್ತೆಯಲ್ಲಿ ರೇಷ್ಮೆಗೂಡಿನ ಗಾಡಿಗಳನ್ನು ತಡೆದು ಕೊಳ್ಳೆ ಹೊಡೆಯುವುದು ಶುರುವಾಯಿತು. ಒಬ್ಬ ಗಾಡಿಯವನಿಗೆ ತಲೆ ಒಡೆದು, ಅವನು ಕೊನೆಗೂ ಉಳಿಯಲಿಲ್ಲ. ಊರೆಲ್ಲ ಹೆದರಿತು. ಕೊನೆಗೆ ಒಬ್ಬ ಸಿಕ್ಕಿಬಿದ್ದ. ಅವನು ಬಾಯಿ ಬಿಡಲಿಲ್ಲ. ಅವನ ತೋಳಿನಲ್ಲಿ ಕಪ್ಪು ದಾರದ ತಾಯಿತವಿತ್ತು.

ಆಗ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ದೂರದವರು. ಕೆಟ್ಟವರಲ್ಲ. ತೀರಿಹೋದ ಗಾಡಿಯವನ ಹೆಂಡತಿಯ ಮುಂದೆ ಕಳ್ಳರನ್ನು ಹಿಡಿದೇ ಹಿಡಿಯುತ್ತೇನೆಂದು ಮಾತು ಕೊಟ್ಟು ಬಂದಿದ್ದರು. ಅದೇ ಬಗೆಯ ದಾರವನ್ನು ಗರಡಿಯ ಹುಡುಗರ ತೋಳಿನಲ್ಲಿ ಕಂಡವರೇ ದಫೇದಾರರನ್ನು ಕರೆಸಿ, "ಆ ಗರಡಿಗೆ ಯಾರ್ಯಾರು ಹೋಗ್ತಾರೆ, ನಿಮಗೇನಾದರೂ ಗೊತ್ತೇನ್ರೀ?" ಎಂದು ಕೇಳಿದರು.

ಮುಂದಿನದನ್ನು ದಫೇದಾರರು ನನಗೆ ಎಷ್ಟು ಸಲ ಹೇಳಿದ್ದಾರೋ! "ಗೊತ್ತೇನು ಅಂತ ನನ್ನ ಕೇಳಿದ್ರು ಮೇಷ್ಟ್ರೇ. ನನ್ನ! ನಾನು ನಿಂತ ಹಂಗೇ ಶುರು ಮಾಡ್ದೆ. ಹೆಸ್ರು, ಅಪ್ಪನ ಹೆಸ್ರು, ಯಾವ ಕೇರಿ, ಯಾವ ಪಟ್ಟು ಚೆನ್ನಾಗಿ ಹಾಕ್ತಾನೆ. ರೈಟರು ಬರ್ಕೊಂತಾ ಇದ್ದ. ನಮ್ಮ ಹುಡುಗ್ರನ್ನ ಸಾಹೇಬ್ರಿಗೆ ಪರಿಚಯ ಮಾಡಿಸ್ತಾ ಇದ್ದೀನಿ ಅನ್ನೋ ಹಂಗೆ ಹೇಳ್ದೆ. ನೀರು ಕುಡಿಯಕ್ಕೂ ನಿಲ್ಲಿಸ್ಲಿಲ್ಲ. ಎಲ್ಲಾ ಮುಗಿದ ಮೇಲೆ ಸಾಹೇಬ್ರು ರೈಟರಿಗೆ ಅಂದ್ರು, ಮೇಲ್ಗಡೆ 'ಗರಡಿ ಗ್ಯಾಂಗ್' ಅಂತ ಬರಿ."

ದಫೇದಾರರು ಆಗ ಗಾಬರಿಯಾಗಿ, ಆ ದಾರವನ್ನು ಅರ್ಧ ತಾಲ್ಲೂಕೇ ಕಟ್ಟಿಕೊಂಡಿದೆ, ತಮ್ಮ ಹೆಂಡತಿಯ ತೋಳಿನಲ್ಲೂ ಇದೆ ಎಂದರಂತೆ. ಇನ್ಸ್‌ಪೆಕ್ಟರು ನಕ್ಕು, "ನಿಮ್ಮ ಹೆಂಡತಿ ಕುಸ್ತಿ ಆಡ್ತಾರೇನ್ರೀ?" ಎಂದರಂತೆ. ಮತ್ತೆ ಸಮಾಧಾನವಾಗಿಯೇ, "ಬರೀ ಅನುಮಾನ ಅಷ್ಟೇ, ದಫೇದಾರ್ರೇ. ತಪ್ಪು ಮಾಡದಿದ್ದರೆ ಅವರಿಗೇನು ನಷ್ಟ?" ಎಂದರು. ಹಿಂದೆ ಎಷ್ಟೋ ಮಂದಿಯ ವಿಷಯದಲ್ಲಿ ದಫೇದಾರರೇ ಹೀಗೆ ಅಂದುಕೊಂಡಿದ್ದುದರಿಂದ ಅವರಿಗೆ ಎದುರಾಡಲು ಬಾಯಿ ಬರಲಿಲ್ಲ.

ಮುಂದಿನ ಸಂತೆಯಿಂದ ಗರಡಿಯ ಹುಡುಗರು ಹೊಂಗೆ ಮರದ ಕೆಳಗೆ ಕುಳಿತರು. ಅವರ ಮನೆಗಳಿಗೆ ಹೋಗಿ ಬಾಗಿಲು ತಟ್ಟುವ ಕೆಲಸ ದಫೇದಾರರದೇ ಆಯಿತು. ಒಂದೆರಡು ತಿಂಗಳಲ್ಲಿ ತಾಯಂದಿರು ಮಕ್ಕಳನ್ನು ಗರಡಿಗೆ ಕಳಿಸುವುದು ಬಿಟ್ಟರು. ಕೆಂಪು ಮಟ್ಟಿ ಗಟ್ಟಿಯಾಗಿ ಬಿರುಕು ಬಿಟ್ಟಿತು. ಉಸ್ತಾದರು ಬಾಗಿಲಿಗೆ ಬೀಗ ಹಾಕಿದ ದಿನ ದಾರಿಯಲ್ಲಿ ದಫೇದಾರರು ಸಿಕ್ಕರು. "ನಮ್ ಹುಡುಗ್ರು ಹೆಸ್ರು ಎಲ್ಲಾ ಗ್ಯಾಪಕ ಇಟ್ಕೊಂಡಿದ್ರಿ ಸಾಬ್, ದೊಡ್ಡ ಮಾತು" ಎಂದು ಹೇಳಿ ಆ ಮುದುಕರು ಮುಂದೆ ಹೋದರಂತೆ. ಅದು ಕುಹಕವೋ, ನಿಜವಾಗಿ ಹೇಳಿದ್ದೋ ದಫೇದಾರರಿಗೆ ತಿಳಿಯಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳುವ ಮೊದಲೇ ಉಸ್ತಾದರು ತೀರಿಕೊಂಡರು.

ಕೊಳ್ಳೆ ಹೊಡೆದವರು ಆಂಧ್ರದ ಗಡಿಯಾಚೆ ಸಿಕ್ಕಿಬಿದ್ದರು. ಕೋರ್ಟಿನಲ್ಲಿ ಒಪ್ಪಿಕೊಂಡು ಶಿಕ್ಷೆಯೂ ಆಯಿತು. ಅವರಲ್ಲಿ ನಮ್ಮೂರಿನವರು ಒಬ್ಬರೂ ಇರಲಿಲ್ಲ. ಇನ್ನು ಹೆಸರುಗಳನ್ನು ಹೊಡೆದುಹಾಕುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಹೊಡೆದುಹಾಕಲಿಲ್ಲ. ಗಾಡಿಯ ಕೇಸು ಬೇರೆ, ಪುಸ್ತಕ ಬೇರೆ ಎಂದು ಉತ್ತರ ಬಂತು. ಇನ್ಸ್‌ಪೆಕ್ಟರು ವರ್ಗವಾಗಿ ಹೋದರು. ಮುಂದೆ ಬಂದವರಿಗೆ ಇದು ಹಳೆಯ ಗ್ಯಾಂಗ್, ಪುಸ್ತಕದಲ್ಲೇ ಇದೆಯಲ್ಲ ಎಂಬಷ್ಟೇ ಗೊತ್ತು. "ಸೇರಿಸಕ್ಕೆ ನನ್ನಂಥ ದಫೇದಾರ ಸಾಕು. ತೆಗೆಯಕ್ಕೆ ಜಿಲ್ಲೆ ಸಾಹೇಬ್ರೇ ಬೇಕು. ಇದನ್ನ ಇಪ್ಪತ್ತು ವರ್ಷ ನಾನು ಯೋಚ್ನೇನೇ ಮಾಡ್ಲಿಲ್ಲ ನೋಡಿ" ಎಂದು ದಫೇದಾರರು ನಮ್ಮ ಜಗಲಿಯ ಮೇಲೆ ಕುಳಿತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಂದಿನಿಂದ ನಮ್ಮ ವಾದ ನಿಂತುಹೋಯಿತು. ನಾನು ಗೆದ್ದೆನೆಂದು ಸಂತೋಷವೇನೂ ಆಗಲಿಲ್ಲ.

ಆ ಹುಡುಗರಲ್ಲಿ ಪಿಳ್ಳಪ್ಪನ ಮೇಲೆ ಅವರಿಗೆ ಹೆಚ್ಚು ಪ್ರೀತಿ. ಹೊಲಗೇರಿಯವನು. ಅಷ್ಟು ಚೆನ್ನಾಗಿ ಕುಸ್ತಿ ಮಾಡುವವನು ಆ ಗರಡಿಯಲ್ಲಿ ಬೇರೆ ಇರಲಿಲ್ಲ. ನಮ್ಮ ಸ್ಕೂಲಿನಲ್ಲೇ ಓದಿದವನು, ಲೆಕ್ಕದಲ್ಲಿ ಚುರುಕು. ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಒಂದು ಬಸ್ಸಿನಲ್ಲಿ ಕ್ಲೀನರ್ ಆಗಿದ್ದ. ಬಸ್ಸಿನ ಯಜಮಾನರಿಗೆ ಅವನನ್ನು ಕಂಡಕ್ಟರ್ ಮಾಡುವ ಮನಸ್ಸಿತ್ತು. ಕಂಡಕ್ಟರನ ಬಿಲ್ಲೆ ಬೇಕಾದರೆ ಪೊಲೀಸರು ಇವನ ನಡತೆ ಒಳ್ಳೆಯದು ಎಂದು ಬರೆಯಬೇಕು. ಅರ್ಜಿ ಹಾಕಿದಾಗಲೆಲ್ಲ, ಗ್ಯಾಂಗಿಗೆ ಸೇರಿದವನು ಎಂದು ಠಾಣೆಯಿಂದ ಷರಾ ಬಂದು ಅರ್ಜಿ ವಾಪಸ್ಸಾಗುತ್ತಿತ್ತು. ಅವನ ಕೈಕೆಳಗೆ ಬಸ್ಸು ತೊಳೆಯುವುದನ್ನು ಕಲಿತ ಹುಡುಗರು ಬಿಲ್ಲೆ ಹಾಕಿಕೊಂಡು ಟಿಕೆಟ್ ಹರಿದರು. ಅವನು ಬಸ್ಸಿನ ಮೇಲೆ ಹತ್ತಿ ಮೂಟೆ ಕಟ್ಟಿದ. ಮದುವೆಯಾಗಿತ್ತು, ತಾಯಿ ಇದ್ದಳು. ಸಂತೆಯ ದಿನ ಹಾಜರಿಗೆ ಬರಬೇಕಾದ್ದರಿಂದ ವಾರಕ್ಕೊಂದು ದಿನ ಬಸ್ಸಿಗೂ ಹೋಗುವಂತಿರಲಿಲ್ಲ.

ನಿವೃತ್ತರಾದ ಮೇಲೆ ದಫೇದಾರರಿಗೆ ಇದೇ ಕೆಲಸವಾಯಿತು. ಪಿಳ್ಳಪ್ಪನಿಗೆ ಬಿಲ್ಲೆ ಕೊಡಿಸಬೇಕು, ಅದಕ್ಕೆ ಹುಡುಗರೆಲ್ಲರ ಹೆಸರೂ ಪುಸ್ತಕದಿಂದ ಹೊರಗೆ ಬರಬೇಕು. ಮನವಿಗಳನ್ನು ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಯಾವುದಕ್ಕೂ ಉತ್ತರ ಬರಲಿಲ್ಲ. ಕೊನೆಗೆ ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಕೋಟು, ರುಮಾಲು ಹಾಕಿಕೊಂಡು ಬಂದು, "ನಡೀರಿ ಮೇಷ್ಟ್ರೇ, ದೊಡ್ಡ ಸಾಹೇಬ್ರನ್ನೇ ನೋಡ್ಕೊಂಡು ಬರಣ. ನನಗೆ ಒಬ್ಬನೇ ಹೋಗಕ್ಕೆ ಧೈರ್ಯ ಬರ್ತಾ ಇಲ್ಲ" ಎಂದರು. ಆ ಮಾತು ಅವರ ಬಾಯಲ್ಲಿ ಕೇಳಿ ನಾನು ಶಾಲೆಗೆ ರಜೆ ಹಾಕಿದೆ.

ಜಿಲ್ಲೆಯ ದೊಡ್ಡ ಸಾಹೇಬರು ವಯಸ್ಸಿನಲ್ಲಿ ದಫೇದಾರರ ಮಗನಂತಿದ್ದರು. ಮರ್ಯಾದೆಯಿಂದ ಕೂರಿಸಿದರು. ದಫೇದಾರರು ಕೂರಲಿಲ್ಲ, ನಿಂತೇ ಮಾತಾಡಿದರು. ಎಲ್ಲವನ್ನೂ ಕೇಳಿ ಸಾಹೇಬರು ಒಂದು ಪ್ರಶ್ನೆ ಹಾಕಿದರು. "ಈ ಹೆಸರುಗಳನ್ನ ಕೊಟ್ಟವರೇ ನೀವು. ಹಾಗಾದ್ರೆ ಆಗ ನೀವು ಸುಳ್ಳು ದಾಖಲೆ ಕೊಟ್ಟಿರಾ?"

ಹೌದೆಂದರೆ ಪಿಂಚಣಿಗೇ ಕುತ್ತು. ಇಲ್ಲವೆಂದರೆ ಹೆಸರುಗಳು ಅಲ್ಲೇ ಉಳಿಯುತ್ತವೆ. ದಫೇದಾರರು ಹೇಳಿದರು. "ಹೆಸರು ಸುಳ್ಳಲ್ಲ ಸ್ವಾಮಿ. ಅಪ್ಪನ ಹೆಸರೂ ಸುಳ್ಳಲ್ಲ. ಅವರು ಗರಡಿಗೆ ಹೋಗ್ತಿದ್ದಿದ್ದೂ ನಿಜ. ಮೇಲ್ಗಡೆ ಬರ್ದಿರೋ ಮಾತೊಂದು ಸುಳ್ಳು. ಅದನ್ನ ಬರೆಸಿದಾಗ ನಾನು ಅಲ್ಲೇ ನಿಂತಿದ್ದೆ, ಗಟ್ಟಿಯಾಗಿ ಹೇಳಬೇಕಾಗಿತ್ತು, ಹೇಳ್ಲಿಲ್ಲ. ತಪ್ಪು ನನ್ನದು. ಬರ್ಕೊಡ್ತೀನಿ."

ಸಾಹೇಬರು ಕಾಗದ ನೋಡುತ್ತಾ, "ಇವರೆಲ್ಲ ಈಗಲೂ ಒಟ್ಟಿಗೆ ಸೇರ್ತಾರಾ?" ಎಂದು ಕೇಳಿದರು. "ಸೇರ್ತಾರೆ ಸ್ವಾಮಿ. ಪ್ರತಿ ಸಂತೆಗೂ ಠಾಣೆಯಲ್ಲೇ ಸೇರ್ತಾರೆ. ನಾವೇ ಸೇರಿಸ್ತೀವಿ." ಸಾಹೇಬರಿಗೆ ನಗು ಬಂತು. ನಕ್ಕ ಮೇಲೆ ಅವರ ಮುಖ ಸ್ವಲ್ಪ ಮೆತ್ತಗಾಯಿತು. ನಿಯಮದ ಪ್ರಕಾರ ಗ್ಯಾಂಗು ಚದುರಿದೆ ಎಂದು ತೋರಬೇಕು ಎಂದರು. ಇವತ್ತಿನಿಂದ ಒಂದು ವರ್ಷ ಇವರಲ್ಲಿ ಯಾರೂ ಒಬ್ಬರ ಜೊತೆ ಒಬ್ಬರು ಕಾಣಿಸಿಕೊಳ್ಳಕೂಡದು. ಹಾಗೆಂದು ಠಾಣೆಯಿಂದ ವರದಿ ಬಂದರೆ ಎಲ್ಲರ ಹೆಸರನ್ನೂ ತೆಗೆಸುತ್ತೇನೆ ಎಂದರು. ದಫೇದಾರರು ತಮ್ಮ ತಪ್ಪನ್ನು ಬರೆದುಕೊಟ್ಟು ಸಹಿ ಹಾಕಿ ಹೊರಗೆ ಬಂದರು. ಮನೆಯಲ್ಲಿ ವಿಷಯ ತಿಳಿದಾಗ ಅವರ ಹೆಂಡತಿ ಒಲೆಯ ಮುಂದೆ ಕುಳಿತಲ್ಲಿಂದಲೇ, "ಪಿಂಚಣಿ ಹೋದ್ರೆ ಹೋಗ್ಲಿ ಬಿಡಿ, ಹೊಲದಾಗೆ ರಾಗಿ ಐತೆ" ಎಂದರು. ಆ ತಾಯಿಯ ಮೇಲೆ ನನಗೆ ಅಂದಿನಿಂದ ಬಹಳ ಗೌರವ.

ಆ ವರ್ಷ ದಫೇದಾರರನ್ನು ನೋಡಬೇಕಿತ್ತು. ಕೆಲಸದಲ್ಲಿದ್ದಾಗಲೂ ಅಷ್ಟು ಗಸ್ತು ತಿರುಗಿದವರಲ್ಲ. ಹುಡುಗರೆಲ್ಲರಿಗೂ ಬೇರೆಬೇರೆಯಾಗಿ ಹೇಳಿ ಬಂದರು. ಠಾಣೆಯ ಎಳೆಯ ಕಾನ್‌ಸ್ಟೇಬಲ್ ಅವರ ಕೈಯಲ್ಲೇ ಕೆಲಸ ಕಲಿತವನು. ಅವನಿಗೆ ಹೇಳಿ ಹಾಜರಿಯನ್ನು ಬೇರೆಬೇರೆ ಹೊತ್ತಿಗೆ ಮಾಡಿಸಿದರು. ಕೈಯಲ್ಲೊಂದು ಕೋಲು ಹಿಡಿದು ಬೀದಿ ತಿರುಗುತ್ತಿದ್ದರು. "ಏ ಪಿಳ್ಳ, ನಿಂತ್ಕೊಳೋ ಅಲ್ಲೇ. ಮುಂದೆ ಬಾಷು ಬರ್ತಾವ್ನೆ. ನೀನು ಆ ಸಂದೀಲಿ ಹೋಗು." ಟೂರಿಂಗ್ ಟಾಕೀಸ್ ಬಂದಾಗ ಡೇರೆಯ ಬಾಗಿಲಲ್ಲೇ ನಿಂತು, ಇವತ್ತು ನೀನು ಬಾ, ನಾಳೆ ಅವನು ಬರಲಿ ಎಂದು ಸರದಿ ಹಾಕುತ್ತಿದ್ದರು. ನಾವು ನಕ್ಕೆವು, ಅವರೂ ನಕ್ಕರು.

ಆದರೆ ಅದರಲ್ಲಿ ನಗುವಂಥದ್ದು ಬಹಳವಿರಲಿಲ್ಲ. ಪಿಳ್ಳಪ್ಪನೂ ಬಾಷುವೂ ಹುಡುಗತನದಿಂದ ಜೋಡಿ. ಬಾಷು ಉಸ್ತಾದರ ತಮ್ಮನ ಮಗ. ಪಿಳ್ಳಪ್ಪನ ಮಗಳಿಗೆ ಹೆಸರಿಟ್ಟ ದಿನ ಬಾಷು ಬರಲಿಲ್ಲ, ಹೆಂಡತಿಯ ಕೈಯಲ್ಲಿ ಸಕ್ಕರೆ ಕಳಿಸಿದ. ಬಾಷುವಿನ ತಂದೆ ತೀರಿಕೊಂಡಾಗ ಪಿಳ್ಳಪ್ಪ ಕೆರೆಯ ಏರಿಯ ಮೇಲೆ ದೂರದಲ್ಲಿ ನಿಂತು ನೋಡಿದ. ಸಂತೆಯಲ್ಲಿ ಒಬ್ಬ ಬದನೆಕಾಯಿ ಕೊಳ್ಳುತ್ತಿದ್ದರೆ ಇನ್ನೊಬ್ಬ ಅದನ್ನು ಕಂಡು ಹಿಂದಕ್ಕೆ ತಿರುಗುತ್ತಿದ್ದ. ದಾರಿ ತಪ್ಪಿಸಿ ತಪ್ಪಿಸಿ ಆ ಹುಡುಗರ ಮುಖದಲ್ಲಿ ಒಂದು ಬಗೆಯ ಕಳ್ಳಕಳೆ ಬಂದುಬಿಟ್ಟಿತ್ತು. ಅದಕ್ಕೆ ಮುಂಚೆ ನಾನು ಅದನ್ನು ಅವರಲ್ಲಿ ಕಂಡಿರಲಿಲ್ಲ. ದಫೇದಾರರಿಗೂ ಇದು ಕಾಣುತ್ತಿತ್ತು. ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು, "ಒಬ್ಬರನ್ನೊಬ್ಬರು ತಬ್ಬಿ ಹಿಡಿಯೋದನ್ನ ಕಲಿಸಿದ ಜಾಗ ಮೇಷ್ಟ್ರೇ ಅದು. ನಾನು ದೂರ ಹೋಗ್ರೋ ಅಂತ ಕೋಲು ಹಿಡ್ಕೊಂಡು ತಿರುಗ್ತಾ ಇದ್ದೀನಿ" ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ವರ್ಷ ಸಾಗಿತು. ಠಾಣೆಯ ವರದಿಯಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ ಎಂದು ಆ ಎಳೆಯ ಕಾನ್‌ಸ್ಟೇಬಲ್ ಬಂದು ಬಂದು ಹೇಳುತ್ತಿದ್ದ. ಬಸ್ಸಿನ ಯಜಮಾನರು ಪಿಳ್ಳಪ್ಪನಿಗೆ ಖಾಕಿ ಅಂಗಿಯ ಅಳತೆ ತೆಗೆಸಿದರು. "ಇನ್ನೇನು, ಈ ಬೇಸಿಗೆ ಕಳೆದ್ರೆ ಆಯ್ತು. ಬೀಗ ತೆಗೆಸಣ, ಮಟ್ಟಿಗೆ ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿಸಣ" ಎಂದು ದಫೇದಾರರು ಹೊಸ ಹುಡುಗನ ಹುರುಪಿನಲ್ಲಿ ಮಾತಾಡುತ್ತಿದ್ದರು.

ಪಿಳ್ಳಪ್ಪನಿಗೆ ಬಿಲ್ಲೆ ಸಿಗಲಿಲ್ಲ. ಆ ವರ್ಷವೂ ಸಿಗಲಿಲ್ಲ, ಆಮೇಲೂ ಸಿಕ್ಕಿಲ್ಲ. ಅವನು ಇಂದಿಗೂ ಅದೇ ಬಸ್ಸಿನ ಮೇಲೆ ಮೂಟೆ ಕಟ್ಟುತ್ತಾನೆ, ಸಂತೆಯ ದಿನ ಹಾಜರಿಗೆ ಬರುತ್ತಾನೆ. ಅದು ಹೇಗಾಯಿತೆಂಬುದನ್ನು ಹೇಳಬೇಕು.

ವರ್ಷ ತುಂಬುವುದಕ್ಕೆ ಇನ್ನು ಕೆಲವೇ ದಿನಗಳಿದ್ದಾಗ, ಒಂದು ಬೆಳಗ್ಗೆ ಸ್ನಾನ ಮಾಡಿ ಬಂದು ಕುಳಿತ ದಫೇದಾರರು ಎದೆ ಹಿಡಿದುಕೊಂಡು ಹಾಗೇ ಒರಗಿದರು. ನಾನು ಓಡಿಹೋಗುವಷ್ಟರಲ್ಲಿ ಮುಗಿದಿತ್ತು. ಗೌರಿಬಿದನೂರಿನಿಂದ ಮಗಳೂ ಅಳಿಯನೂ ಬರುವವರೆಗೆ ಕಾದೆವು. ಬೀದಿಯ ತುಂಬ ಜನ. ಹೊಸ ಇನ್ಸ್‌ಪೆಕ್ಟರು ಆ ಎಳೆಯ ಕಾನ್‌ಸ್ಟೇಬಲನ್ನು ನಮ್ಮ ಬೀದಿಯ ತುದಿಯಲ್ಲಿ ನಿಲ್ಲಿಸಿದ್ದರು. ಹಳೆಯ ಗ್ಯಾಂಗು ಬರಬಹುದು, ನೋಡಿ ಬರೆ ಎಂದು ಅವನಿಗೆ ಅಪ್ಪಣೆ.

ಹುಡುಗರು ಬಂದರು. ಆದರೆ ಒಬ್ಬೊಬ್ಬರಾಗಿ ಬಂದರು. ದಫೇದಾರರ ಕೆಲಸವನ್ನು ಆ ಹೊತ್ತು ನಾನೇ ಮಾಡಿದೆ. ಒಬ್ಬ ಒಳಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿ ಹಿತ್ತಿಲಿನಿಂದ ಹೊರಟ ಮೇಲೆ ಇನ್ನೊಬ್ಬನನ್ನು ಮುಂದಿನ ಬಾಗಿಲಿನಿಂದ 'ಬಾ' ಎಂದೆ. ಕಾನ್‌ಸ್ಟೇಬಲ್ ದೂರದಿಂದಲೇ ನೋಡಿ ನನಗೆ ತಲೆದೂಗಿದ. ಹೀಗೇ ಮುಗಿದರೆ ಸಾಕಪ್ಪಾ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.

ಚಟ್ಟ ಎತ್ತುವ ಹೊತ್ತಾಯಿತು. ದಫೇದಾರರು ಭಾರೀ ಆಳು. ಅಳಿಯನೂ ಮೂವರು ನೆಂಟರೂ ಬಗ್ಗಿ ಬೊಂಬುಗಳಿಗೆ ಕೈ ಹಾಕಿದರು. ಆಗ ಬೀದಿಯ ಎರಡೂ ಕಡೆಯಿಂದ ಗರಡಿಯವರು ನಡೆದು ಬಂದರು. ಪಿಳ್ಳಪ್ಪ, ಬಾಷು, ಉಳಿದವರೆಲ್ಲರೂ. ಹೆಚ್ಚುಕಡಿಮೆ ಒಂದು ವರ್ಷದ ನಂತರ ಮೊದಲ ಸಲ ಅವರೆಲ್ಲ ಒಂದೇ ಕಡೆ ನಿಂತಿದ್ದರು. ನೆಂಟರಲ್ಲೊಬ್ಬರು ಪಿಳ್ಳಪ್ಪನನ್ನು ನೋಡಿ, "ನೀವು ಹಿಂದೆ ಬನ್ರಪ್ಪಾ, ಮನೆಯೋರು ಎತ್ತಲಿ" ಎಂದು ದನಿ ಎತ್ತಿದರು. ಜಗಲಿಯ ಮೇಲಿದ್ದ ದಫೇದಾರರ ಹೆಂಡತಿ ಅಳು ನಿಲ್ಲಿಸಿ, "ಅವರೇ ಎತ್ತಲಿ. ಅವರೂ ಮನೆಯೋರೇ" ಎಂದರು. ನೆಂಟರು ಕೈ ತೆಗೆದು ಹಿಂದೆ ಸರಿದರು.

ಕಾನ್‌ಸ್ಟೇಬಲ್ ಓಡಿ ಬಂದು ನನ್ನ ತೋಳು ಹಿಡಿದುಕೊಂಡ. ಅವನ ಮುಖದ ತುಂಬ ಕಣ್ಣೀರು. "ಮೇಷ್ಟ್ರೇ, ಬೇಡ ಅಂತ ಹೇಳಿ ಅವರಿಗೆ. ಇಷ್ಟು ಜನದ ಎದುರಿಗೆ ನೋಡ್ಲಿಲ್ಲ ಅಂತ ನಾನು ಹೆಂಗೆ ಬರೀಲಿ?"

ನಾನು ಪಿಳ್ಳಪ್ಪನ ಹೆಗಲ ಮೇಲೆ ಕೈಯಿಟ್ಟೆ. "ಬೇಡ ಕಣೋ. ಇನ್ನೆಷ್ಟು ದಿನ ಐತೆ? ನಿನ್ನ ಬಿಲ್ಲೆಗೋಸ್ಕರ ಅವರು ಎಷ್ಟು ಒದ್ದಾಡಿದ್ರು. ನೋಡಿದ್ಯಲ್ಲ, ಆಯ್ತು. ಹೋಗಿಬಿಡ್ರಪ್ಪಾ" ಎಂದೆ.

ಪಿಳ್ಳಪ್ಪ ನನ್ನ ಕೈಯನ್ನು ಮೆಲ್ಲಗೆ ತೆಗೆದ. ಟವೆಲನ್ನು ಸಿಂಬಿ ಸುತ್ತಿ ಹೆಗಲ ಮೇಲೆ ಇಟ್ಟುಕೊಂಡ.

"ಒಬ್ಬೊಬ್ರೇ ಬಂದು ನೋಡ್ಬೌದು ಮೇಷ್ಟ್ರೇ," ಎಂದ. "ಒಬ್ಬೊಬ್ರೇ ಹೊರೋದಕ್ಕಾಗಲ್ಲ."

ಮುಂದಿನ ಬೊಂಬಿಗೆ ಒಂದು ಕಡೆ ಅವನು, ಇನ್ನೊಂದು ಕಡೆ ಬಾಷು ಹೆಗಲು ಕೊಟ್ಟರು.